ಕೌದಿ ಹೊದ್ದ ಕಂಪ್ಯೂಟರು

ಹಮ್ಮಿಗಿ
ರವಿವಾರ, ೧೮ ಜನವರಿ ೨೦೨೬

ಪ್ರೀತಿಯ ನಿಶಾತಳಿಗೆ,

ನಿನ್ನ ಮಾಯಾ ಮಾಡುವ ಸಲಾಮು. ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ನಿಜಲಿಂಗಪ್ಪನವರ ಪ್ರೆಸ್ಸಿನಲ್ಲಿ ಒಂಬತ್ತು ವರ್ಷ ಪಕ್ಕದ ಕುರ್ಚಿಯಲ್ಲಿ ಕುಳಿತು ನನ್ನ ಕೋಳಿಕಾಲು ಅಕ್ಷರ ನೋಡಿ ನಕ್ಕವಳು ನೀನೇ ಅಲ್ಲವೇ. ಗೊತ್ತಾಗಿಯೂ ಹರಿದು ಬುಟ್ಟಿಗೆ ಹಾಕದೆ ಇಲ್ಲಿಯವರೆಗೆ ಓದಿದ್ದೀಯಾದರೆ, ಇನ್ನೂ ನಾಲ್ಕು ಹಾಳೆ ತಾಳಿಕೋ.

ನಿನ್ನ ಫೋನಿಗೆ ಹನ್ನೊಂದು ಸಲ ಹಚ್ಚಿದೆ. ನೀನು ಎತ್ತಲಿಲ್ಲ. ಎತ್ತದೆ ಇದ್ದದ್ದು ಸರಿಯೇ. ಧ್ವನಿ ಸಂದೇಶ ಕಳಿಸೋಣವೆಂದರೆ ಆ ಮೈಕಿನ ಗುರುತು ಒತ್ತಲು ಈಗ ನನ್ನ ಬೆರಳಿಗೇ ಹೆದರಿಕೆ. ಅದರಲ್ಲಿ ಹೋದ ಮಾತು ಎಲ್ಲಿ, ಯಾರ ಮುಂದೆ ಬಿಚ್ಚಿಕೊಳ್ಳುತ್ತದೋ ಹೇಳಲಾಗದು. ಪತ್ರವಾದರೆ ಲಕೋಟೆಯೊಳಗೆ ಸುಮ್ಮನೆ ಕೂರುತ್ತದೆ; ಯಾರಿಗೆ ಓದಿಸಬೇಕು, ಯಾರಿಗೆ ಬೇಡ ಎಂಬುದು ನಿನ್ನ ಕೈಯಲ್ಲಿರುತ್ತದೆ. ಕಂಪ್ಯೂಟರಿನಲ್ಲೇ ಟೈಪು ಮಾಡಿ ಕಳಿಸಬಹುದಿತ್ತು. ಅದರಲ್ಲಿ ಬರೆದದ್ದನ್ನು ಅಳಿಸುವುದು ಬಹಳ ಸುಲಭ, ಅದಕ್ಕೇ ಪೆನ್ನು ಹಿಡಿದೆ.

ಸುತ್ತಿ ಬಳಸದೆ ಹೇಳಿಬಿಡುತ್ತೇನೆ. ನಿನ್ನ ಗಂಡ ಮುಸ್ತಾಕ ಭಾಯಿಯ ಮೇಲೆ ನಾನು ಹೊರಿಸಿದ ಮಾತು ಸುಳ್ಳು. ಅವರು ಕೊಟ್ಟ ಯಂತ್ರದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಅದನ್ನು ಒಪ್ಪಿಕೊಳ್ಳಲು ಈ ಪತ್ರ. ನೀನು ಮೊದಲಿನಂತೆ ನನ್ನ ಜೊತೆ ಮಾತಾಡಬೇಕು ಎಂಬ ಆಸೆಯೂ ಇದರೊಳಗಿದೆ. ಮೂರು ತಿಂಗಳಿಂದ ಊಟ, ನಿದ್ದೆ, ಕೆಲಸ ಎಲ್ಲವೂ ಚೆನ್ನಾಗಿಯೇ ನಡೆದಿದೆ, ಸುಳ್ಳೇಕೆ ಹೇಳಲಿ. ಆದರೆ ಒಂದು ಪುಟ ಚೆಂದ ಬಂದಾಗ ತಿರುಗಿ ತೋರಿಸಲು ಪಕ್ಕದಲ್ಲಿ ನೀನಿಲ್ಲ, ಫೋನಿನಲ್ಲೂ ಇಲ್ಲ.

ಮುಂದೆ ಬರೆಯುವುದರಲ್ಲಿ ಅರ್ಧ ನಿನಗೆ ಗೊತ್ತಿರುವುದೇ. ಅದು ನನ್ನ ಕಡೆಯಿಂದ ಹೇಗೆ ಕಂಡಿತು ಎಂಬುದು ಮಾತ್ರ ಗೊತ್ತಿಲ್ಲ.

ಮದುವೆಯಾಗಿ ಹಮ್ಮಿಗಿಗೆ ಬಂದ ನಾಲ್ಕು ವರ್ಷದಲ್ಲಿ ನನಗೆ ಇಲ್ಲಿ ಯಾವ ಕೊರತೆಯೂ ಇರಲಿಲ್ಲ. ಭೀಮೇಶ ಒಳ್ಳೆಯ ಮನುಷ್ಯ. ಊರ ನೀರಿನ ಟಾಕಿ ನೋಡಿಕೊಳ್ಳುವ ಕೆಲಸ ಅವನದು. ಮುಂಜಾನೆ ನೀರು ಬಿಟ್ಟು ಬಂದನೆಂದರೆ ಅರ್ಧ ದಿನ ಮನೆಯಲ್ಲೇ ಇರುತ್ತಾನೆ. ಆದರೂ ರೊಟ್ಟಿ ಬಡಿಯುವಾಗ ನನ್ನ ಬೆರಳುಗಳು ಹಿಟ್ಟಿನ ಮೇಲೆ ಕೀಲಿಮಣೆ ಒತ್ತುತ್ತಿದ್ದವು. ನನ್ನ ಅತ್ತೆ ಹನಮಂತವ್ವ ಅದನ್ನು ನೋಡಿ, "ರೊಟ್ಟಿ ಬಡೀತಿಯೋ, ರೊಟ್ಟಿಗೆ ಕಚಗುಳಿ ಇಡತೀಯೋ?" ಎಂದು ಕೇಳುತ್ತಿದ್ದಳು. ದಿನಾ ಇಲ್ಲಿಂದ ಗದಗಿನ ಪ್ರೆಸ್ಸಿಗೆ ಹೋಗಿಬರುವುದು ಆಗದ ಮಾತು. ಆಗಲೇ ನಿಜಲಿಂಗಪ್ಪನವರು ಫೋನು ಮಾಡಿ, "ಮಾಯಾ, ನಿನ್ನಂಗ ಪೇಜು ಕಟ್ಟಾವ್ರು ಸಿಗವಲ್ರವ್ವಾ. ಮನ್ಯಾಗ ಒಂದು ಕಂಪ್ಯೂಟರ್ ಇಟ್ಕೊ, ಕೆಲಸ ನಾ ಕಳಸ್ತೀನಿ. ಆದ್ರ ಹೇಳಿದ ದಿನಕ್ಕ ಪೇಜು ಕೈಗೆ ಬರಬೇಕು ನೋಡು" ಎಂದರು. ಅವತ್ತು ನಾನು ಚಹಾಕ್ಕೆ ಉಪ್ಪು ಹಾಕಿದ್ದೆ. ಭೀಮೇಶ ಅದನ್ನೇ ಪೂರ್ತಿ ಕುಡಿದ.

ಯಾವ ಕಂಪ್ಯೂಟರು ಎಂಬುದೇ ದೊಡ್ಡ ಪ್ರಶ್ನೆಯಾಯಿತು. ನಮ್ಮೂರಿನ ಕರೆಂಟು ನಿನಗೆ ಗೊತ್ತು. ಹಗಲು ಹೊತ್ತು ಅದು ಬಂದರೆ ನೆಂಟರು ಬಂದಷ್ಟು ಸಂಭ್ರಮ. ಮಾಳಿಗೆಯ ಮೇಲೆ ಒಂದು ಸೋಲಾರ್ ಹಲಗೆ, ಕೆಳಗೆ ಒಂದು ಬ್ಯಾಟರಿ. ಅದರ ಮೇಲೆ ನಾಲ್ಕು ದೀಪ, ಒಂದು ಫ್ಯಾನು. ಇನ್ನು ಕಂಪ್ಯೂಟರೂ ಅದರಲ್ಲೇ ಬದುಕಬೇಕು.

ಲಕ್ಷ್ಮೇಶ್ವರದ ಹೊಳೆಯಪ್ಪ ಅಣ್ಣ, ಅಂದರೆ ಭೀಮೇಶನ ಅಕ್ಕನ ಗಂಡ, ಮುಚ್ಚಿಹೋದ ಫೋಟೋ ಸ್ಟುಡಿಯೊದಿಂದ ಕಂಪ್ಯೂಟರಿನ ಒಂದು ದೊಡ್ಡ ಡಬ್ಬಿ ಕೊಂಡಿಟ್ಟಿದ್ದ. ಒಂದು ಮಗ್ಗುಲಿಗೆ ಗಾಜು, ಒಳಗೆ ಕೆಂಪು-ನೀಲಿ ದೀಪ, ಎತ್ತಲು ಇಬ್ಬರು ಬೇಕು. ಎಂಟು ಸಾವಿರಕ್ಕೆ ಕೊಡುತ್ತೇನೆ ಎಂದ. ಮುಸ್ತಾಕ ಭಾಯಿ ಹೇಳಿದ್ದು ಒಂದು ಪುಟ್ಟ ಪೆಟ್ಟಿಗೆ. ಬ್ಯಾಂಕಿನ ಕಚೇರಿಯೊಂದು ಹೊಸದು ತಂದು ಹಳೆಯದನ್ನು ಮಾರಿದಾಗ ಅವರು ಕೊಂಡದ್ದು. ಎರಡು ಕಿಲೋ ಸಹ ತೂಗುವುದಿಲ್ಲ, ಬೆಲೆ ಮಾತ್ರ ಒಂಬತ್ತೂವರೆ ಸಾವಿರ. ನಮ್ಮ ಮನೆಯಲ್ಲಿ ಹಂಡೆಯಾಗಲಿ, ಕೊಡವಾಗಲಿ, ಕೈಯಲ್ಲಿ ಎತ್ತಿ ಭಾರ ನೋಡಿಯೇ ಕೊಳ್ಳುವುದು. ಸಣ್ಣದಕ್ಕೆ ಹೆಚ್ಚು ದುಡ್ಡು ಎಂದರೆ ಅತ್ತೆ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

ಹೊಳೆಯಪ್ಪ ಅಣ್ಣ ತನ್ನ ಡಬ್ಬಿಯನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡು ಬೆಟಗೇರಿಯ ನಿಮ್ಮ ರಿಪೇರಿ ಅಂಗಡಿಗೇ ತಂದ ದಿನ ನೆನಪಿದೆಯೇ? ಮುಸ್ತಾಕ ಭಾಯಿ ಅವನನ್ನು ಒಂದು ಮಾತೂ ಹಳಿಯಲಿಲ್ಲ. ಗೋಡೆಯ ಪ್ಲಗ್ಗಿಗೆ ಆ ಸಣ್ಣ ವ್ಯಾಟ್ ಮೀಟರು ಸಿಕ್ಕಿಸಿ, ಅದಕ್ಕೆ ಡಬ್ಬಿ ಜೋಡಿಸಿ, ಒಂದು ಪುಟ ತೆರೆದರು. ಮೀಟರು ನೂರಾ ಹದಿನೆಂಟು ತೋರಿಸಿತು. ಅದನ್ನು ಬಿಚ್ಚಿ ಪುಟ್ಟ ಪೆಟ್ಟಿಗೆ ಜೋಡಿಸಿದರು. ಹನ್ನೆರಡು. ಹತ್ತೊಂಬತ್ತು ಇಂಚಿನ ಹಳೆಯ ಎಲ್‌ಇಡಿ ಪರದೆಗೆ ಇನ್ನೊಂದು ಹದಿನಾರು. "ನೋಡ್ರಿ ಅಣ್ಣಾರ, ನಿಮ್ಮ ಯಂತ್ರ ಖರೆನ ಗಟ್ಟಿ ಐತಿ. ಆದ್ರ ಇವರ ಬ್ಯಾಟರಿ ಮ್ಯಾಲ ಅದು ಐದಾರು ತಾಸು ನಡದೀತು. ಇದು ಇಡೀ ದಿನ ನಡದು, ಸಂಜಿಗೆ ದೀಪಕ್ಕೂ ಉಳಸತೈತಿ" ಎಂದರು. ತಿರುಗುವ ಹಳೆಯ ಡಿಸ್ಕು ತೆಗೆದು ತಿರುಗದ ಹೊಸ ಡಿಸ್ಕು ಹಾಕಿ, ಮೆಮೊರಿ ಎಂಟು ಜಿಬಿ ಮಾಡಿ ಕೊಡುತ್ತೇನೆ, ಪುಟ ಕಟ್ಟಲು ಅದು ಬೇಕಾದಷ್ಟಾಯಿತು ಎಂದೂ ಹೇಳಿದರು. ನಾನು ಇನ್ನೂ ಗಾಜಿನ ಡಬ್ಬಿಯ ಕಡೆಗೇ ನೋಡುತ್ತಿದ್ದೆ. ಆಗ ನೀನು ಗಿರಮಿಟ್ಟು ತಿನ್ನುತ್ತಿದ್ದವಳು ಅದನ್ನು ಬಿಟ್ಟು ಬೈದೆ. "ಅರೆ ಮಾಯಾ, ನಿನ್ನ ಪೇಜು ಹಾರ್ತಾವೇನ? ಕುಣೀತಾವೇನ? ಅಕ್ಷರ ಇಟ್ಟಲ್ಲೆ ಕುಂಡ್ರತಾವ. ಕುಂತ ಅಕ್ಷರಕ್ಕ ಇಷ್ಟ ದೊಡ್ಡ ಕುದರಿ ಯಾಕ ಬೇಕು?" ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ನಕ್ಕೆ, ಆದರೆ ಒಳಗೆ ಚುಚ್ಚಿತು. ಅದನ್ನು ನಿನಗೆ ಯಾವತ್ತೂ ಹೇಳಿಲ್ಲ, ಈಗ ಹೇಳುತ್ತೇನೆ. ನಮ್ಮ ಕೇರಿಯವರಿಗೆ ಯಾರೇ ಏನೇ ಕೊಟ್ಟರೂ ಸಣ್ಣದೇ, ಬಳಸಿ ಬಿಟ್ಟದ್ದೇ. ಶಾಲೆಯಲ್ಲಿ ನನಗೆ ಸಿಕ್ಕ ಪುಸ್ತಕಕ್ಕೆ ಮೊದಲ ಹಾಳೆ ಇರುತ್ತಿರಲಿಲ್ಲ. ಒಂದು ಸಲವಾದರೂ ನಮ್ಮ ಮನೆಗೆ ಭಾರವಾದದ್ದು, ದೀಪ ಹತ್ತುವಂಥದ್ದು, ಓಣಿಯವರು ಬಂದು ನೋಡುವಂಥದ್ದು ಬರಲಿ ಎಂದು ನನಗೆ ಆಸೆ ಇತ್ತು. ನೀನು ನನ್ನ ಒಳ್ಳೆಯದಕ್ಕೇ ಹೇಳಿದೆ ಎಂದು ತಲೆಗೆ ತಿಳಿಯಿತು. ಮನಸ್ಸು ಮಾತ್ರ, ನಿನಗೆ ಇಷ್ಟೇ ಸಾಕು ಎಂದಳು ಎಂದು ಬರೆದಿಟ್ಟುಕೊಂಡಿತು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಲ್ಲ. ಪುಟ್ಟ ಪೆಟ್ಟಿಗೆಯನ್ನೇ ತಂದೆ. ದಸರೆಯ ಮುಂಚಿನ ಹದಿನೈದು ದಿನ ನಾನು ಎಷ್ಟು ಸುಖವಾಗಿದ್ದೆ ಎಂದು ಹೇಗೆ ಬರೆಯಲಿ? ಅದು ಸದ್ದೇ ಮಾಡುತ್ತಿರಲಿಲ್ಲ. ಒಲೆಯ ಮೇಲೆ ಸಾರು ಕುದಿಯುವುದು ಕೇಳುತ್ತಿತ್ತು, ಕಂಪ್ಯೂಟರು ಕೇಳುತ್ತಿರಲಿಲ್ಲ. ನಿಜಲಿಂಗಪ್ಪನವರು ಶಾಲೆಯೊಂದರ ಐವತ್ತನೆಯ ವರ್ಷದ ಸಂಚಿಕೆ ಕಳಿಸಿದ್ದರು, ತೊಂಬತ್ತಾರು ಪುಟ. ಮನೆಯಿಂದ ಮಾಡುವ ಮೊದಲ ದೊಡ್ಡ ಕೆಲಸ. ಇದು ಸರಿಯಾಗಿ ಮುಗಿದರೆ ಮುಂದೆಯೂ ಕೆಲಸ ಬರುತ್ತದೆ, ಇಲ್ಲವಾದರೆ ಹಳ್ಳಿಯ ಮನೆಯಿಂದ ಇದೆಲ್ಲ ಆಗದು ಎಂದು ಅವರು ಕೈ ಬಿಡುತ್ತಾರೆ ಎಂದು ನನಗೆ ಗೊತ್ತಿತ್ತು.

ಇನ್ನು ನನ್ನ ಅತ್ತೆಯ ವಿಷಯ. ಕಂಪ್ಯೂಟರು ಬಂದಾಗ ಅವಳು ಮೂರು ದಿನ ಅದರ ಕಡೆ ತಿರುಗಿಯೂ ನೋಡಲಿಲ್ಲ. ಸೊಸೆ ಗದಗಿನ ಗಾಳಿ ಮನೆಗೆ ತಂದಳು ಎಂದು ನೆರೆಯ ಮಾಳವ್ವನ ಮುಂದೆ ಅಂದದ್ದೂ ನನ್ನ ಕಿವಿಗೆ ಬಿದ್ದಿತ್ತು. ನಾಲ್ಕನೆಯ ದಿನ ನನ್ನ ಪಕ್ಕ ಬಂದು ಕುಳಿತು, ಪರದೆಯ ಮೇಲಿನ ಅಕ್ಷರ ನೋಡುತ್ತಾ, "ಇವನ್ನೆಲ್ಲಾ ನೀನ ಹಚ್ಚಿದ್ಯಾ?" ಎಂದು ಕೇಳಿದಳು. ಹೌದೆಂದೆ. ಅವಳು ಎದ್ದು ಹೋಗಿ ಟ್ರಂಕು ತೆಗೆದಳು. ತನ್ನ ಹಳೆಯ ಇಳಕಲ್ ಸೀರೆಯ ಸೆರಗು, ಭೀಮೇಶನ ಶಾಲೆಯ ಅಂಗಿ, ನನ್ನ ಮದುವೆಯ ಕುಪ್ಪಸದ ಬಟ್ಟೆ, ಎಲ್ಲ ತುಂಡು ಮಾಡಿ ಒಂದು ಪುಟ್ಟ ಕೌದಿ ಹೊಲಿಯಲು ಕುಳಿತಳು. ಕಂಪ್ಯೂಟರಿಗೆ ಧೂಳು ಬಡಿಯಬಾರದಂತೆ, ಚಳಿಯೂ ಬಡಿಯಬಾರದಂತೆ.

ನಿನ್ನ ಅತ್ತೆ ರಸೂಲಬಿಯೂ ಕೌದಿ ಹೊಲಿಯುತ್ತಾರೆ, ನಿನಗೆ ಪದ್ಧತಿ ಗೊತ್ತು. ಕೊನೆಯ ಮೂಲೆ ಹೊಲಿಯುವ ಮುಂಚೆ ಕೌದಿಯ ಹೊಟ್ಟೆಗೆ ಏನಾದರೂ ಉಣಿಸಬೇಕು. ಅವತ್ತು ಶೀಗಿ ಹುಣ್ಣಿಮೆ. ಭೂಮಿತಾಯಿಗೆ ಎಡೆಯಾಗಿ ಹೊಲದಲ್ಲಿ ಚರಗ ಚೆಲ್ಲಲು ಹೋಳಿಗೆ ಮಾಡಿದ್ದೆವು. ಅತ್ತೆ ಒಂದು ಹೋಳಿಗೆ ಮುರಿದು, ತುಂಡನ್ನು ಮೂಲೆಯೊಳಗಿಟ್ಟು, ಬಿಗಿಯಾಗಿ ಹೊಲಿದು, ಹೊದಿಸಿದಳು. "ಹೊಟ್ಟಿ ಹಸ್ತ ಕೌದಿ ಯಾರನ್ನೂ ಬೆಚ್ಚಗ ಇಡಂಗಿಲ್ಲವಾ" ಎಂದಳು. ಎಲ್ಲರಿಗೂ ಹೊಲಿದು ಕೊಡುವ ಕೈ ಅದು. ಆದರೆ ನಾನು ಈ ಮನೆಗೆ ಬಂದ ಮೇಲೆ ನನ್ನದು ಎನ್ನುವ ವಸ್ತುವೊಂದಕ್ಕೆ ಅವಳು ಹೊಲಿದದ್ದು ಅದೇ ಮೊದಲು.

ಸುತ್ತ ಒಂದು ಗೇಣು ಜಾಗ ಬಿಡು, ಮೈ ಮುಚ್ಚಬೇಡ, ಅದರ ಉಸಿರು ಹಿಂದಿನಿಂದ ಬರುತ್ತದೆ ಎಂದು ನೀನು ಎರಡು ಸಲ ಹೇಳಿದ್ದೆ. ನೆನಪಿತ್ತು. ಅತ್ತೆ ಎದುರಿಗೆ ಕುಳಿತು ನೋಡುತ್ತಿರುವಾಗ ಆ ಕೌದಿ ತೆಗೆಯಲು ನನ್ನ ಕೈ ಏಳಲಿಲ್ಲ. ಮುಂದಿನ ಅಂಚು ಮಾತ್ರ ಎತ್ತಿ, ಗುಂಡಿ ಒತ್ತಿ, ಹಾಗೆಯೇ ಕೆಲಸ ಮಾಡಿದೆ. ಪೆಟ್ಟಿಗೆ ಬೆಚ್ಚಗಾಗುತ್ತಿತ್ತು. ಅತ್ತೆ ಮೇಲೆ ಕೈ ಇಟ್ಟು, "ಬೆಚ್ಚಗೈತಿ ನೋಡು, ಚೊಲೊ ಆತು" ಎನ್ನುತ್ತಿದ್ದಳು. ನಾನು ಅವಳನ್ನು ಒಪ್ಪಿಸಲು ಎಷ್ಟು ಹಂಬಲಿಸಿದ್ದೆ ಎಂದರೆ, ಅದು ಹೊತ್ತಿ ಉರಿದಿದ್ದರೂ ಚೊಲೊ ಆತು ಎನ್ನುತ್ತಿದ್ದೆನೇನೋ.

ಏಳೇ ದಿನ. ಎಪ್ಪತ್ತೊಂದನೆಯ ಪುಟದಲ್ಲಿ ಅದು ಆರಿಹೋಯಿತು. ಗುಂಡಿ ಒತ್ತಿದೆ, ಎದ್ದಿತು, ಮತ್ತೆ ಆರಿತು. ಆಮೇಲೆ ಏಳಲೇ ಇಲ್ಲ. ಮಾಡಿದ ಪುಟಗಳು ಪೆನ್ ಡ್ರೈವಿನಲ್ಲಿ ಉಳಿದಿದ್ದವು, ಆದರೆ ಕೊಡಬೇಕಾದ ದಿನಕ್ಕೆ ನಾಲ್ಕೇ ದಿನ ಇತ್ತು. ನಿಜಲಿಂಗಪ್ಪನವರು ಬೈಯಲಿಲ್ಲ. "ಇರಲಿ ಬಿಡವಾ, ಉಳದದ್ದ ಇಲ್ಲೆ ಯಾರರ ಮಾಡ್ತಾರ" ಎಂದರು. ಬೈದಿದ್ದರೆ ಚೆನ್ನಾಗಿತ್ತು.

ಆಗ ನಾನು ನಿನಗೆ ಧ್ವನಿ ಸಂದೇಶದಲ್ಲಿ ಆ ಮಾತು ಕಳಿಸಿದೆ. ಏನಂದೆ ಎಂಬುದನ್ನು ಮುಚ್ಚದೆ ಬರೆಯುತ್ತೇನೆ, ನನ್ನ ಕೈಬರಹದಲ್ಲೇ ಇರಲಿ. "ನಿಶಾತ, ನಿನ್ನ ಗಂಡ ಬ್ಯಾಂಕಿನವ್ರು ಬಿಸಾಕಿದ ಗುಜರಿ ಒರಸಿ ನನಗ ದಾಟಿಸ್ಯಾನ. ಹಳ್ಯಾಗಿನ ಬಡವ್ರಿಗೆ ಇಷ್ಟ ಸಾಕಂತ ಗಂಡ ಹೆಂಡ್ತಿ ಕೂಡಿ ಮೋಸ ಮಾಡೀರಿ. ನಿಮ್ಮ ಅಂಗಡಿ ಮೆಟ್ಟಿಲ ಯಾರೂ ಹತ್ತಬಾರದು, ಹಂಗ ಮಾಡ್ತೀನಿ." ಹೇಳಿ ಮುಗಿಸಿದಾಗ ಎದೆ ಹಗುರಾಗಿತ್ತು. ಅದೇ ಸಂಜೆ ಪೆಟ್ಟಿಗೆಯನ್ನು ಹಳೆಯ ಟವೆಲಿನಲ್ಲಿ ಸುತ್ತಿ ಬಸ್ಸಿನವರ ಕೈಯಲ್ಲಿ ಕಳಿಸಿದೆ. ನಿನ್ನಿಂದ ಉತ್ತರ ಬರಲಿಲ್ಲ. ಐದನೆಯ ದಿನ ಪೆಟ್ಟಿಗೆ ಬಂತು. ಜೊತೆಗೆ ಮುಸ್ತಾಕ ಭಾಯಿಯ ಚೀಟಿ: "ಒಳಗೆ ಧೂಳು ಕೂತಿತ್ತು. ಸ್ವಚ್ಛ ಮಾಡಿದ್ದೇನೆ. ಚಾರ್ಜು ಇಲ್ಲ." ಗುಂಡಿ ಒತ್ತಿದರೆ ಮೊದಲಿನಂತೆ ಎದ್ದಿತು. ತಪ್ಪು ಅವರದೇ ಇರಬೇಕು, ಅದಕ್ಕೇ ಸುಮ್ಮನೆ ಮಾಡಿ ಕಳಿಸಿದ್ದಾರೆ ಎಂದು ಮನೆಯವರಿಗೆ ಹೇಳಿದೆ. ಅತ್ತೆ ಮತ್ತೆ ಕೌದಿ ಹೊದಿಸಿದಳು.

ನಾಲ್ಕು ದಿನಕ್ಕೆ ಕಿಟಕಿಯ ಕೆಳಗಿನಿಂದ ಇರುವೆಗಳ ಸಾಲು ಹೊರಟಿತು. ಗೋಡೆ ಹತ್ತಿ, ಮೇಜಿನ ಕಾಲು ಹತ್ತಿ, ಕೌದಿಯ ಮೂಲೆಗೆ. ಹೊಲಿಗೆ ಬಿಚ್ಚಿ ನೋಡಿದರೆ ಹೋಳಿಗೆಯೇ ಕಾಣದಷ್ಟು ಇರುವೆ. ಬೆಲ್ಲ ಮೂಲೆಯಲ್ಲಿ, ಬೆಚ್ಚನೆಯ ಮನೆ ಪಕ್ಕದಲ್ಲಿ, ಮತ್ತೇನು ಬೇಕು ಅವಕ್ಕೆ? ತಿಂದದ್ದು ಅಲ್ಲಿ, ಮಲಗಿದ್ದು ಯಂತ್ರದೊಳಗೆ. ಅತ್ತೆ ತಲೆಯ ಮೇಲೆ ಕೈ ಹೊತ್ತು ಕುಳಿತುಬಿಟ್ಟಳು. "ಯವ್ವಾ, ಮಿಷನ್ನಿಗೆ ಉಣಸಾಕ ಹೋಗಿ ಇರಬಿಗೆ ಉಣಿಸಿದ್ನಲ್ಲಾ!" ಎಂದಳು. ಅಳುತ್ತಾಳೆ ಎಂದುಕೊಂಡೆ. ನನ್ನ ಮುಖ ನೋಡಿ ನಗಲು ಶುರು ಮಾಡಿದಳು, ನಾನೂ ನಕ್ಕೆ. ನಾವಿಬ್ಬರೂ ಕೂಡಿ ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅವತ್ತೇ ಮೊದಲು. ನಗು ನಿಂತ ಮೇಲೆ ನಿನ್ನ ನೆನಪಾಯಿತು.

ಅವತ್ತೇ ನಿನಗೆ ಬರೆಯಬೇಕಿತ್ತು. ಬರೆಯಲಿಲ್ಲ. ಯಂತ್ರ ನಡೆಯುತ್ತಿದೆಯಲ್ಲ, ನಿಶಾತಳ ಸಿಟ್ಟು ತಾನೇ ಇಳಿಯುತ್ತದೆ ಎಂದು ಮುಂದೂಡಿದೆ. ಡಿಸೆಂಬರಿನಲ್ಲಿ ಮುಂಡರಗಿಯ ಸಂತೆಯಲ್ಲಿ ರಸೂಲಬಿ ಸಿಕ್ಕರು. ನಾನು ಮುಖ ತಪ್ಪಿಸಬೇಕು ಎನ್ನುವಷ್ಟರಲ್ಲಿ ಅವರೇ ಕೈ ಹಿಡಿದು ಪಕ್ಕಕ್ಕೆ ಕರೆದುಕೊಂಡು ಹೋದರು. ಅಲ್ಲಿಯವರೆಗೂ ನನ್ನ ಮಾತು ನಿನ್ನ ಕಿವಿಗೆ ಮಾತ್ರ ಬಿದ್ದಿದೆ ಎಂದು ತಿಳಿದಿದ್ದೆ, ನಿಶಾತ. ನಾನು ಆ ಮಾತು ಕಳಿಸಿದ ದಿನ ಯಾವುದೋ ಗಿರಾಕಿಯ ದೊಡ್ಡ ಸ್ಪೀಕರು ರಿಪೇರಿಯಾಗಿ, ಪರೀಕ್ಷೆ ಮಾಡಲೆಂದು ನಿನ್ನ ಫೋನಿಗೆ ಜೋಡಿಸಿದ್ದಿರಂತೆ. ನನ್ನ ಸಂದೇಶ ಬಂದದ್ದು ನೋಡಿ ನೀನು ಸಂಭ್ರಮದಿಂದ ಒತ್ತಿದೆಯಂತೆ, ಸಂಚಿಕೆ ಮುಗಿಯಿತು ಎಂಬ ಸುದ್ದಿ ಇರಬೇಕೆಂದು. "ನಿನ್ನ ದನಿ ರಸ್ತೆತನಾ ಕೇಳಿಸ್ತು ಬೇಟಿ" ಎಂದರು. ಲಕ್ಷ್ಮೇಶ್ವರದಲ್ಲಿ ಶಾಲೆ ನಡೆಸುವ ಮಹಾದೇವ ಮಾಸ್ತರರು ಎಂಟು ಪುಟ್ಟ ಪೆಟ್ಟಿಗೆಗಳನ್ನು ಕೊಳ್ಳುವ ಮಾತು ಮುಗಿಸಿ ಅಂಗಡಿಯಲ್ಲಿ ಚಹಾ ಕುಡಿಯುತ್ತಿದ್ದರಂತೆ. ಕಪ್ಪು ಕೆಳಗಿಟ್ಟು, ಆಮೇಲೆ ಬರುತ್ತೇನೆ ಎಂದು ಎದ್ದು ಹೋದವರು ಬರಲೇ ಇಲ್ಲವಂತೆ. "ನನ್ನ ಮಗ ಆ ಪೆಟಗಿ ಬಿಚ್ಚಿ ಜಾಡಿಸಿದ್ರ ಹಿಡಿ ತುಂಬ ಸತ್ತ ಇರಬಿ ಬಂದ್ವು. ನಾನ ಹೊರಗ ಚೆಲ್ಲಿದೆ. ಮಾಯಾನ ಮನಿ ಮರ್ಯಾದಿ ಐತಿ, ಧೂಳ ಅಂತ ಬರೀತೀನಿ ಅಂದಾ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಅದಕ್ಕೇ ನನಗೆ ತಡೆಯಲಾಗಲಿಲ್ಲ. ಸಂತೆಯ ನಡುವೆ ನಿಂತು ಅತ್ತುಬಿಟ್ಟೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನೆಲದ ಮೇಲಷ್ಟೇ ತಪ್ಪು ಹಾಕಲಿಲ್ಲ, ನೆಲ ಹಾಸಿಕೊಟ್ಟವರ ಮಾನವನ್ನೂ ಕಳೆದೆ. ಮುಸ್ತಾಕ ಭಾಯಿ ಕಳಿಸಿದ ಆ ಚೀಟಿಯಲ್ಲಿ ಧೂಳು ಎಂಬ ಮಾತು ಓದುವಾಗ ಈಗಲೂ ಮುಖ ಬಿಸಿಯಾಗುತ್ತದೆ.

ಬರೀ ಕಣ್ಣೀರು ಹಾಕಿ ನಿನ್ನ ಮುಂದೆ ಬರಬಾರದು ಎಂದುಕೊಂಡೆ. ಸಂಕ್ರಮಣ ಮುಗಿದ ಮರುದಿನ ಪೆಟ್ಟಿಗೆಯನ್ನು ಬಗಲ ಚೀಲದಲ್ಲಿ ಹಾಕಿಕೊಂಡು ಲಕ್ಷ್ಮೇಶ್ವರಕ್ಕೆ ಹೋದೆ. ಗಾಜಿನ ಡಬ್ಬಿ ಕೊಂಡಿದ್ದರೆ ಅದನ್ನು ಹೊರಲು ಹೊಳೆಯಪ್ಪ ಅಣ್ಣನ ಜೊತೆಗೆ ಅವನ ಎತ್ತುಗಳೂ ಬೇಕಾಗುತ್ತಿದ್ದವು. ಮಹಾದೇವ ಮಾಸ್ತರರ ಶಾಲೆಯಲ್ಲಿ ಪೆಟ್ಟಿಗೆ ಹಚ್ಚಿ, ನಾಲ್ಕು ಪುಟ ಕಟ್ಟಿ ತೋರಿಸಿ, ಅವತ್ತು ಸ್ಪೀಕರಿನಲ್ಲಿ ಒದರಿದ ಹೆಂಗಸು ನಾನೇ ಎಂದು ಹೇಳಿದೆ. ಕೌದಿ, ಹೋಳಿಗೆ, ಇರುವೆ, ಎಲ್ಲ ಹೇಳಿದೆ. ಅವರು ಬಹಳ ಹೊತ್ತು ನಕ್ಕರು. ಆಮೇಲೆ ನಗು ನಿಲ್ಲಿಸಿ, "ಅಲ್ಲವಾ, ಆ ಮಾತು ಕಳಸೂ ಮುಂದ ನಿಮಗ ಇದು ಗೊತ್ತಿದ್ದಿಲ್ಲೇನು?" ಎಂದು ಕೇಳಿದರು. ಇಲ್ಲ ಎಂದೆ. ಅವರು ತಲೆಯಾಡಿಸಿ, ಯಂತ್ರದ ಹಿಂದೆ ಕೈ ಇಟ್ಟು ಬಿಸಿ ನೋಡಿ, ಎಷ್ಟು ವ್ಯಾಟು ಎಂದು ಕೇಳಿ ಬರೆದುಕೊಂಡರು. ಈ ತಿಂಗಳ ಕೊನೆಯೊಳಗೆ ಬೆಟಗೇರಿಗೆ ಬಂದು ಮುಸ್ತಾಕ ಭಾಯಿಯನ್ನು ಕಾಣುತ್ತಾರೆ. ಕೊಳ್ಳುವುದು ಬಿಡುವುದು ಅವರಿಗೆ ಬಿಟ್ಟದ್ದು, ಆದರೆ ನಾನು ಆಡಿದ ಮಾತಿನ ಕಾರಣಕ್ಕೆ ಅವರು ಬಿಡುವುದಿಲ್ಲ.

ನಮ್ಮ ಮನೆಯ ಸುದ್ದಿ ಹೇಳಿ ಮುಗಿಸುತ್ತೇನೆ. ನಿಜಲಿಂಗಪ್ಪನವರು ಮೊದಲು ಮದುವೆ ಪತ್ರಿಕೆ ಕಳಿಸಿದರು, ಆಮೇಲೆ ಒಂದು ಸೊಸೈಟಿಯ ವರದಿ, ಈಗ ಇನ್ನೂರು ಪುಟದ ಪುಸ್ತಕ. ದಿನಕ್ಕೆ ಇಪ್ಪತ್ತು ಪುಟ ಕಟ್ಟುತ್ತೇನೆ. ಮುಂಜಾನೆ ಒಂಬತ್ತಕ್ಕೆ ಹಚ್ಚಿದರೆ ಸಂಜೆ ಆರರವರೆಗೆ ಬಿಸಿಲಿನ ಮೇಲೇ ನಡೆಯುತ್ತದೆ. ಬ್ಯಾಟರಿ ಇಳಿದದ್ದೇ ಗೊತ್ತಾಗುವುದಿಲ್ಲ. ಭೀಮೇಶ ಟಾಕಿಯ ಕಡೆಯಿಂದ ಬಂದವನು ನನ್ನ ಪ್ರೂಫು ಓದಿ ತಪ್ಪು ಹುಡುಕುತ್ತಾನೆ. ಒಂದು ತಪ್ಪಿಗೆ ಒಂದು ಚಹಾ ಎಂದು ಪಂದ್ಯ. ಕೌದಿಯನ್ನು ಈಗ ಯಂತ್ರ ಆರಿಸಿ, ತಣ್ಣಗಾದ ಮೇಲೆ ಮಾತ್ರ ಹೊದಿಸುವುದು. ಹೋಳಿಗೆ ತೆಗೆದ ಮೂಲೆಗೆ ಅತ್ತೆ ನಾಲ್ಕು ಜೋಳದ ಕಾಳು ಹಾಕಿ ಹೊಲಿದಿದ್ದಾಳೆ. ಇಷ್ಟು ಪುಟ್ಟ ಹೊಟ್ಟೆಗೆ ಅಷ್ಟೇ ಸಾಕಂತೆ. ದೊಡ್ಡ ಡಬ್ಬಿಯ ಆಸೆ ನನಗೆ ಈಗ ಇಲ್ಲ, ಮನಸ್ಸು ಸಮಾಧಾನದಿಂದ ಇದೆ. ನೀನು ಹೇಳಿದ್ದು ನನ್ನನ್ನು ಸಣ್ಣವಳು ಎಂದಲ್ಲ, ನನ್ನ ಕೆಲಸ ಎಂಥದ್ದು ಎಂದು ತಿಳಿದು ಹೇಳಿದ್ದು ಎಂದು ದಿನಾ ಕೆಲಸ ಮಾಡುತ್ತಲೇ ಅರ್ಥವಾಯಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕೂಡಿಸಲಾಗದು ಎಂದು ಗೊತ್ತಿದ್ದೂ ಕೇಳುತ್ತಿದ್ದೇನೆ. ಹತ್ತು ಜನರ ಎದುರಿಗೆ ಆಡಿದ್ದನ್ನು ಲಕೋಟೆಯೊಳಗೆ ಗುಟ್ಟಾಗಿ ಒಪ್ಪಿಕೊಂಡರೆ ನ್ಯಾಯವಲ್ಲ. ನಿನಗೆ ಸರಿ ಎನಿಸಿದರೆ ಅಂಗಡಿಯಲ್ಲಿ ಗಿರಾಕಿಗಳಿರುವಾಗ ಈ ಪತ್ರ ಓದಿಸು. ಇದೇ ಶನಿವಾರ ಪುಸ್ತಕದ ಪುಟ ಕೊಡಲು ಗದಗಿಗೆ ಬರುತ್ತೇನೆ. ಹನ್ನೊಂದು ಗಂಟೆಯ ಸುಮಾರಿಗೆ ನಿಮ್ಮ ಬೀದಿಯಲ್ಲಿರುತ್ತೇನೆ.

ರಸೂಲಬಿಗೂ ಮುಸ್ತಾಕ ಭಾಯಿಗೂ ನನ್ನ ಸಲಾಮು ತಿಳಿಸು. ಅತ್ತೆ ನಿನ್ನನ್ನು ಕೇಳಿದ್ದಾಳೆ.

ಎಂದಿಗೂ ನಿನ್ನ ಪಕ್ಕದ ಕುರ್ಚಿಯವಳು,
ಮಾಯಾ

ತಾ.ಕ.: ಹೆಸರು ಬರೆದು, ಹಾಳೆ ಮಡಿಸಿ, ಮತ್ತೆ ಬಿಚ್ಚಿದ್ದೇನೆ. ಮುಚ್ಚದೆ ಬರೆಯುತ್ತೇನೆ ಎಂದು ಮೇಲೆ ಬರೆದೆ, ಆದರೂ ಮುಚ್ಚಿದೆ. ನಿಶಾತ, ಆ ಮಾತು ಕಳಿಸುವ ಮುಂಚೆಯೇ ನಾನು ಇರುವೆ ನೋಡಿದ್ದೆ. ಯಂತ್ರ ಆರಿದ ಮೇಲೆ ಕೌದಿ ತೆಗೆದು ಪೆಟ್ಟಿಗೆ ಅಲುಗಿಸಿದಾಗ ಹಿಂದಿನ ಕಿಂಡಿಯಿಂದ ಸಾಲಾಗಿ ಹೊರಗೆ ಬಂದವು. ಹೋಳಿಗೆಯ ವಿಷಯ ಅವತ್ತು ತಿಳಿಯಲಿಲ್ಲ, ಅದು ನಿಜ. ಆದರೆ ತಪ್ಪು ನಮ್ಮ ಮನೆಯದು, ನಿಮ್ಮ ಅಂಗಡಿಯದಲ್ಲ ಎಂದು ಆ ಕ್ಷಣಕ್ಕೇ ತಿಳಿಯಿತು. ನಿಜಲಿಂಗಪ್ಪನವರು ಏನನ್ನುತ್ತಾರೋ, ಹೊಳೆಯಪ್ಪ ಅಣ್ಣ ಎಷ್ಟು ನಗುತ್ತಾನೋ, ಹಳ್ಳಿಯ ಮನೆ ಎಂದರೆ ಇಷ್ಟೇ ಎಂದು ಯಾರು ಆಡುತ್ತಾರೋ ಎಂದು ಹೆದರಿದೆ. ಬೈಯಲು ಯಾರಾದರೂ ಬೇಕಿತ್ತು. ನೀನಾದರೆ ತಾಳಿಕೊಳ್ಳುತ್ತೀಯ ಎಂದು ನಿನ್ನನ್ನೇ ಹಿಡಿದೆ. ಬಸ್ಸಿಗೆ ಕೊಡುವ ಮುಂಚೆ ಕಂಡ ಇರುವೆಗಳನ್ನೆಲ್ಲ ಊದಿ, ಒರೆಸಿ ತೆಗೆದೆ, ಮುಸ್ತಾಕ ಭಾಯಿಗೆ ಸಿಗಬಾರದೆಂದು. ಆ ಇರುವೆಗಳನ್ನು ಅವರೂ ಮುಚ್ಚಿಟ್ಟರು, ನಾನೂ ಮುಚ್ಚಿಟ್ಟೆ. ಅವರು ಮುಚ್ಚಿಟ್ಟದ್ದು ನನ್ನ ಮರ್ಯಾದೆ ಉಳಿಸಲು. ಮಾಸ್ತರರಿಗೂ ಸುಳ್ಳು ಹೇಳಿದೆ. ಅವರಿಗೆ ನಾಳೆ ಫೋನು ಮಾಡಿ ನಿಜ ಹೇಳುತ್ತೇನೆ. ಅಂಗಡಿಯಲ್ಲಿ ಓದಿಸುವುದಾದರೆ ಈ ಕೊನೆಯ ಭಾಗವನ್ನು ಬಿಡಬೇಡ. ಶನಿವಾರ ಬಂದಾಗ ನಾನು ನಿಮ್ಮ ಮೆಟ್ಟಿಲು ಹತ್ತುವುದಿಲ್ಲ. ಯಾರೂ ಹತ್ತಬಾರದು ಎಂದವಳು ನಾನೇ, ಅದಕ್ಕೆ ಕೆಳಗೇ ನಿಂತಿರುತ್ತೇನೆ. ನೀನು ಕರೆದರೆ ಬರುತ್ತೇನೆ.